ನಾಲ್ಕನೇ ಕಾಲಮಿನ ಸೊನ್ನೆಗಳು

2006ರ ಜನವರಿ 9ರಿಂದ ಏಪ್ರಿಲ್ ಮೊದಲ ವಾರದವರೆಗೆ ನಾನು ಅಮೆರಿಕದ ಮೂವತ್ತೆಂಟು ಕಾಲೇಜು ಆಟಗಾರರನ್ನು ಸಿಂಗಪುರದ ಕಾಕಿ ಬುಕಿತ್‌ನ ಒಂದು ಕಟ್ಟಡದ ಐದನೇ ಮಹಡಿಯಲ್ಲಿ ಕುಳಿತು ಅಳೆದೆ. ಒಟ್ಟು 11,640 ವಿಡಿಯೋ ತುಣುಕುಗಳು. ದಿನಕ್ಕೆ ಎಷ್ಟು ನೋಡಿದೆ ಎಂಬ ಲೆಕ್ಕ ನನ್ನ ಡೈರಿಯಲ್ಲಿದೆ. ಅತಿ ಕಡಿಮೆ ಜನವರಿ 27ರಂದು, 96. ಚೀನೀ ಹೊಸ ವರ್ಷದ ಊಟಕ್ಕೆಂದು ಅಂದು ಮಧ್ಯಾಹ್ನವೇ ಕಚೇರಿ ಮುಚ್ಚಿದ್ದರು. ಅತಿ ಹೆಚ್ಚು ಮಾರ್ಚ್ 14ರಂದು, 331. ಆ ದಿನದ ಸಂಖ್ಯೆಯ ಕೆಳಗೆ ಹೆಮ್ಮೆಯಿಂದ ಎರಡು ಗೆರೆ ಎಳೆದಿದ್ದೇನೆ. ಈಗ ಆ ಪುಟ ಕಂಡರೆ ಬೇಗ ತಿರುಗಿಸಿಬಿಡುತ್ತೇನೆ.

ಕೆಲಸ ಏನೆಂದು ಹೇಳಬೇಕು. ಅಮೆರಿಕದ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಚೆಂಡಿನ ಎದುರು, ಸಾಲಿನ ನಟ್ಟನಡುವೆ, ನೂರ ನಲವತ್ತು ಕಿಲೋ ತೂಗುವ ಇಬ್ಬರು ಬಗ್ಗಿ ನಿಂತಿರುತ್ತಾರೆ. ಅವರಿಗೆ ಡಿಫೆನ್ಸಿವ್ ಟ್ಯಾಕಲ್ ಎಂದು ಹೆಸರು. ಎದುರಾಳಿಗಳು ಎಷ್ಟೇ ತಳ್ಳಿದರೂ ಜಾಗ ಬಿಡದೆ ನಿಲ್ಲುವುದು, ಸಾಧ್ಯವಾದರೆ ಚೆಂಡು ಹಿಡಿದವನನ್ನು ಕೆಡವುವುದು ಅವರ ಕೆಲಸ. ಪ್ರತಿ ಏಪ್ರಿಲ್ ಕೊನೆಗೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಏಳು ಸುತ್ತು ನಡೆಯುತ್ತದೆ. ಏಳರಲ್ಲೂ ಹೆಸರು ಬಾರದವನ ಆಟ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ನಮ್ಮ ಗ್ರಾಹಕರು ಅಂಥದೊಂದು ತಂಡ. ಅಲ್ಲಿ ಆಟಗಾರರನ್ನು ಹುಡುಕುವ ಹಿರಿಯ ಸ್ಕೌಟ್ ಒಬ್ಬರಿದ್ದರು. ಮೂವತ್ತೆಂಟು ಜನರ ಆಟವನ್ನೂ ಕಣ್ಣಾರೆ ನೋಡುವಷ್ಟು ಸಮಯ ಅವರಿಗಿರಲಿಲ್ಲ. ನಾವು ಅಂಕ ಕೊಟ್ಟು ಪಟ್ಟಿ ಕಳಿಸಿದರೆ, ಮೇಲಿನ ಇಪ್ಪತ್ತು ಜನರನ್ನು ಮಾತ್ರ ಅವರು ಕೂತು ನೋಡುತ್ತಿದ್ದರು. ಇಪ್ಪತ್ತೊಂದನೆಯವನನ್ನು ಆ ತಂಡದಲ್ಲಿ ಯಾರೂ ನೋಡುತ್ತಿರಲಿಲ್ಲ.

ನಾನು ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಕ್ಲೆಮೆಂಟಿಯ ಒಂದು ಫ್ಲ್ಯಾಟಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಎಂಆರ್‌ಟಿ ರೈಲಿನಲ್ಲಿ ಯೂನೋಸ್‌ವರೆಗೆ, ಅಲ್ಲಿಂದ ಬಸ್ಸು. ಕಚೇರಿಯಲ್ಲಿ ಒಂಬತ್ತು ಜನ. ಈ ಕಥೆಗೆ ಬೇಕಾದವರು ಇಬ್ಬರೇ. ಒಬ್ಬರು ಬೆಂಗಳೂರಿನ ಮ್ಯಾನೇಜರ್. ಇನ್ನೊಬ್ಬ ನನಗಿಂತ ಸ್ವಲ್ಪ ಚಿಕ್ಕವನಾದ ಎಡಿಟರ್. ಅವನ ತಾಯಿತಂದೆ ಹುಬ್ಬಳ್ಳಿಯವರು, ಅವನು ಹುಟ್ಟಿ ಬೆಳೆದದ್ದು ಇಲ್ಲಿಯ ಪಾಸಿರ್ ರಿಸ್‌ನಲ್ಲಿ; ಕನ್ನಡ ಮಾತಿನ ಕೊನೆಗೂ ಸಿಂಗಪುರದವರ ‘ಲಾ’ ಸೇರಿಸುತ್ತಿದ್ದ. ಕಾಲೇಜುಗಳಿಂದ ಮೂರು ಮೂರು ಗಂಟೆಯ ಪಂದ್ಯಗಳು ಹಾರ್ಡ್ ಡಿಸ್ಕಿನಲ್ಲಿ ಬರುತ್ತಿದ್ದವು. ಚೆಂಡು ಎದ್ದಾಗಿನಿಂದ ಸೀಟಿ ಊದುವವರೆಗೆ ಒಂದು ಆಟ; ಅವನು ಪಂದ್ಯವನ್ನು ಅಂಥ ಒಂದೊಂದು ಆಟದ ತುಣುಕಾಗಿ ಕತ್ತರಿಸುತ್ತಿದ್ದ. ನಾನು ಆ ತುಣುಕುಗಳನ್ನು ನೋಡಿ ಅಂಕ ತುಂಬುತ್ತಿದ್ದೆ.

ಮೊದಲಿಗೆ ಮೂರು ಕಾಲಮುಗಳಿದ್ದವು. ಮೊದಲ ಹೆಜ್ಜೆ ಎಷ್ಟು ಚುರುಕು, ಕೈಗಳ ಬಳಕೆ ಹೇಗೆ, ಇಬ್ಬರು ಒಟ್ಟಿಗೆ ತಳ್ಳಿದಾಗ ನಿಲ್ಲುತ್ತಾನೋ ಇಲ್ಲವೋ. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು. ಈ ಮೂರಕ್ಕೂ ಉತ್ತರ ಚೆಂಡು ಎದ್ದ ನಾಲ್ಕು ಸೆಕೆಂಡಿನೊಳಗೆ ಸಿಕ್ಕಿಬಿಡುತ್ತದೆ ಎಂದು ಎರಡನೇ ವಾರಕ್ಕೇ ಕಂಡುಕೊಂಡೆ. ಸೀಟಿ ಊದುವವರೆಗೆ ಕಾಯುವುದು ಬರೀ ಸಮಯ ಹಾಳು. ಜನವರಿ 19ರಂದು ಮ್ಯಾನೇಜರರಿಗೆ ಎರಡು ನಿಯಮ ಬರೆದುಕೊಟ್ಟೆ. ಒಂದು, ಪ್ರತಿ ತುಣುಕನ್ನು ನಾಲ್ಕು ಸೆಕೆಂಡಿಗೆ ಕತ್ತರಿಸಬೇಕು. ಎರಡು, ಅಂಕ ತುಂಬುವ ಎಕ್ಸೆಲ್ ಹಾಳೆಯಲ್ಲಿ ಯಾವ ಮನೆಯನ್ನೂ ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಸರಾಸರಿ ಕೆಡುತ್ತದೆ, ಆದ್ದರಿಂದ ಕಾಣದಿದ್ದರೆ ಸೊನ್ನೆ. ಖಾಲಿ ಉಳಿದ ಸಾಲು ಕೆಂಪಾಗುವಂತೆ, ಹಾಳೆ ಮುಂದಕ್ಕೆ ಹೋಗದಂತೆ ನಾನೇ ಸೂತ್ರ ಬರೆದೆ. ಗಂಟೆಗೆ 26 ತುಣುಕು ನೋಡುತ್ತಿದ್ದವಳು 42ಕ್ಕೆ ಏರಿದೆ.

“ನೋಡ್ರಪ್ಪಾ, ಸಿಸ್ಟಮ್ ಅಂದ್ರೆ ಇದು,” ಎಂದು ಮ್ಯಾನೇಜರ್ ಎಲ್ಲರೆದುರು ಹೇಳಿದರು. “ಈ ಹುಡುಗಿ ಬಂದು ಎರಡು ವಾರ ಆಗಿಲ್ಲ.”

ಕತ್ತರಿಸಿದ ಮೇಲೆ ಮೂಲ ವಿಡಿಯೋವನ್ನು ಅಳಿಸಿ ಡಿಸ್ಕನ್ನು ವಾಪಸ್ ಕಳಿಸಬೇಕೆಂಬುದೂ ಆಗಲೇ ತೀರ್ಮಾನವಾಯಿತು.

ಫೆಬ್ರವರಿ 6ರಂದು ಸ್ಕೌಟ್ ಇನ್ನೊಂದು ಕಾಲಮ್ ಕೇಳಿದರು: ಬೆನ್ನಟ್ಟುವಿಕೆ. ಚೆಂಡು ತನ್ನನ್ನು ದಾಟಿ ಹೋದ ಮೇಲೆ ಆ ಭಾರಿ ಮನುಷ್ಯ ತಿರುಗಿ ಓಡುತ್ತಾನೋ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾನೋ? ತಮಗೆ ಎಲ್ಲಕ್ಕಿಂತ ಮುಖ್ಯ ಅದೇ ಎಂದು ಬರೆದಿದ್ದರು. ನಾನು ನಾಲ್ಕನೇ ಕಾಲಮ್ ಸೇರಿಸಿದೆ. ಆಗಲೇ ಮುಗಿದಿದ್ದ ಒಂಬತ್ತು ಜನರನ್ನು ಮತ್ತೆ ನೋಡಿ ಅದನ್ನೂ ತುಂಬಿದೆ. ನೋಡಿದ್ದು ಅವೇ ನಾಲ್ಕು ಸೆಕೆಂಡಿನ ತುಣುಕುಗಳಲ್ಲಿ. ಚೆಂಡು ದಾಟುವ ಹೊತ್ತಿಗೆ ಬಹಳಷ್ಟು ತುಣುಕುಗಳು ಮುಗಿದೇ ಹೋಗಿರುತ್ತಿದ್ದವು. ಕಾಣದಿದ್ದರೆ ಸೊನ್ನೆ. ಹಾಳೆ ಕೆಂಪಾಗಲಿಲ್ಲ. ಕೆಂಪಾಗದ ಹಾಳೆ ಸರಿಯಾದ ಹಾಳೆ ಎಂದು ನಂಬಿದ್ದೆ.

ಇದು ಹೇಗೆ ಹೊಳೆಯಲಿಲ್ಲ ಎಂದು ಕೇಳಿದರೆ ಒಂದೇ ಉತ್ತರ. ನಾನು ಆ ಆಟದ ಒಂದು ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ನನ್ನ ಮಟ್ಟಿಗೆ ಒಂದು ಆಟವೆಂದರೆ ನಾಲ್ಕು ಸೆಕೆಂಡು. ಆಮೇಲೆ ಅವರೇನು ಮಾಡುತ್ತಾರೆಂಬ ಪ್ರಶ್ನೆಯೇ ಎದ್ದಿರಲಿಲ್ಲ.

ಮಾರ್ಚ್ 31ರಂದು ಪಟ್ಟಿ ಹೋಯಿತು. ಏಪ್ರಿಲ್ 13ರಂದು ಆ ತಂಡದ ಕೊನೆಯ ಸಭೆ. ಅಲ್ಲಿಯವರೆಗೆ ಸಣ್ಣಪುಟ್ಟ ತಿದ್ದುಪಡಿ ಕಳಿಸಬಹುದಿತ್ತು.

ಏಪ್ರಿಲ್ 4ರಂದು ಒಂದು ಸಣ್ಣ ಕಾಲೇಜಿನಿಂದ ಡಿವಿಡಿ ಬಂತು. ಅಲ್ಲಿಯ ತರಬೇತುದಾರ ಒಂದು ಚೀಟಿ ಇಟ್ಟಿದ್ದರು: ದಯವಿಟ್ಟು ಪೂರ್ತಿ ಪಂದ್ಯ ನೋಡಿ. 93ನೇ ನಂಬರಿನ ಆಟಗಾರನದು. ನಮ್ಮ ಪಟ್ಟಿಯಲ್ಲಿ ಅವನು ಇಪ್ಪತ್ತೇಳನೆಯವನು. ಅದೇ ಪಂದ್ಯದ ತುಣುಕುಗಳಿಗೆ ಮಾರ್ಚ್ 14ರಂದೇ ಅಂಕ ಕೊಟ್ಟಾಗಿತ್ತು. ಬೇರೆ ದಿನವಾಗಿದ್ದರೆ ಎಡಿಟರ್ ಅದನ್ನು ನಕಲು ಎಂದು ಪಕ್ಕಕ್ಕಿಡುತ್ತಿದ್ದ. ಆದರೆ ಅವನು, ಸೇನಾ ಸೇವೆ ಮುಗಿಸಿದ ಸಿಂಗಪುರದ ಗಂಡಸರನ್ನು ಆಗಾಗ ತರಬೇತಿಗೆ ಕರೆಯುವ ರಿಸರ್ವಿಸ್ಟ್ ಕರೆ ಬಂದು, ಸೇನಾ ಶಿಬಿರಕ್ಕೆ ಹೋಗಿದ್ದ. ಕತ್ತರಿಸುವವರಿಲ್ಲ, ಹೊಸ ತುಣುಕೂ ಇಲ್ಲ. ಏಪ್ರಿಲ್ 5ರ ಬೆಳಿಗ್ಗೆ ಕೆಲಸವಿಲ್ಲದೆ ಕೂತು ಆ ಡಿವಿಡಿ ಹಾಕಿದೆ.

ಎರಡು ಗಂಟೆ ಐವತ್ತು ನಿಮಿಷ. ಮೊದಲ ಅರ್ಧ ಗಂಟೆ ಬೇಸರದಲ್ಲೇ ನೋಡಿದೆ. ಆಮೇಲೆ ಒಂದು ಆಟದಲ್ಲಿ ಚೆಂಡು ಬಲಕ್ಕೆ ಹೋಯಿತು. 93 ಮಧ್ಯದಲ್ಲಿ ಇಬ್ಬರ ಕೆಳಗೆ ಮಂಡಿಯೂರಿದ್ದ. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ನನ್ನ ತುಣುಕು ಮುಗಿಯುತ್ತಿತ್ತು. ಆದರೆ ಪರದೆ ಕಪ್ಪಾಗಲಿಲ್ಲ. ಅವನು ಎದ್ದ. ಕೈ ನೆಲಕ್ಕೂರಿ, ಒಬ್ಬನನ್ನು ಭುಜದಿಂದ ಸರಿಸಿ ಓಡತೊಡಗಿದ. ಮೂವತ್ತು ಗಜ ಓಡಿ, ಮೈದಾನದಂಚಿನ ಗೆರೆಯ ಪಕ್ಕ, ಚೆಂಡು ಹಿಡಿದಿದ್ದ, ತನಗಿಂತ ಐವತ್ತು ಕಿಲೋ ಹಗುರಾದವನ ಪಾದ ಹಿಡಿದು ಎಳೆದು ಕೆಡವಿದ. ನಾನು ಡಿವಿಡಿ ನಿಲ್ಲಿಸಿ ಹಳೆಯ ಹಾಳೆ ತೆಗೆದೆ. ಹತ್ತೊಂಬತ್ತನೇ ಆಟ, ನಾಲ್ಕನೇ ಕಾಲಮ್: ಸೊನ್ನೆ.

ಪಂದ್ಯವನ್ನು ಮೊದಲಿನಿಂದ ಹಾಕಿ ಎಣಿಸಿದೆ. ಒಟ್ಟು 61 ಆಟ. 22 ಸಲ ಚೆಂಡು ಅವನನ್ನು ದಾಟಿ ಹೋಗಿತ್ತು. ಅದರಲ್ಲಿ 17 ಸಲ ಅವನು ತಿರುಗಿ ಓಡಿದ್ದ. ನನ್ನ ಹಾಳೆಯಲ್ಲಿ ಆ 22ರಲ್ಲಿ 20 ಸೊನ್ನೆ.

ಆ ಒಂದು ಪಂದ್ಯದ ಅಂಕ ತಿದ್ದಿ ಪಟ್ಟಿಯನ್ನು ಮತ್ತೆ ಓಡಿಸಿದೆ. 93 ಇಪ್ಪತ್ತೇಳರಿಂದ ಹದಿನೆಂಟಕ್ಕೆ ಬಂದ. ಇಪ್ಪತ್ತರ ಒಳಗೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮ್ಯಾನೇಜರರಿಗೆ ಹೇಳಿದೆ. ಅವರು ಮೀನಿನ ತಲೆಯ ಕರಿ ತಿನ್ನುತ್ತಿದ್ದವರು ತಲೆ ಎತ್ತಲಿಲ್ಲ.

“ಎಷ್ಟು ಜನರದ್ದು ಹಿಂಗಾಗಿದೆ?”

“ಎಲ್ಲರದ್ದೂ ಸರ್. ಮೂವತ್ತೆಂಟೂ. ನಾಲ್ಕು ಸೆಕೆಂಡ್ ರೂಲ್ ಎಲ್ಲರಿಗೂ ಒಂದೇ ಅಲ್ವಾ.”

“ಫುಲ್ ವಿಡಿಯೋ?”

“ಇವನದ್ದು ಮಾತ್ರ ಇದೆ.”

“ಹಾಗಾದ್ರೆ ಇವನ್ದು ಸರಿ ಮಾಡ್ಬಿಟ್ಟು ಕಳ್ಸು. ಸ್ಮಾಲ್ ಅಪ್‌ಡೇಟ್ ಅಂತ ಹಾಕು. ಮಿಕ್ಕಿದ್ದು ಮರ್ತುಬಿಡಮ್ಮಾ.”

“ಮಿಕ್ಕ ಮೂವತ್ತೇಳು ಜನ ಸರ್?”

“ಅವರ ಕೋಚು ಡಿವಿಡಿ ಕಳ್ಸಿದ್ನಾ? ಇಲ್ಲ. ನೀನೇನು ಮಾಡ್ತೀಯ? ಊಟ ಮಾಡು.”

ಅವರ ಮಾತಿನಲ್ಲಿ ಮೋಸದ ವಾಸನೆ ಬಡಿಯಿತು. ಅವರು ಹೇಳಿದ್ದರಿಂದಲೇ ಹಾಗನ್ನಿಸಿತೋ ಏನೋ. ಎರಡು ದಿನ ಬೇರೆ ಕೆಲಸ ಮಾಡಲಿಲ್ಲ. 93ರ ಮೇಲಿದ್ದವರ, ಕೆಳಗಿದ್ದವರ ತುಣುಕುಗಳನ್ನು ತೆಗೆದು, ಚೆಂಡು ದಾಟುವ ಮೊದಲೇ ಮುಗಿದವು ಎಷ್ಟು ಎಂದು ಎಣಿಸಿದೆ. ಯಾರನ್ನು ತೆಗೆದರೂ ಸೊನ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಥವೇ. ಇಪ್ಪತ್ತೆರಡನೆಯವನು, ಇಪ್ಪತ್ತೈದನೆಯವನು, ಮೂವತ್ತೊಂದನೆಯವನು, ಇವರೂ ಓಡಿರಬಹುದು. ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಸೊನ್ನೆ ಕೊಟ್ಟಿದ್ದೆ.

ಏಪ್ರಿಲ್ 8, ಶನಿವಾರ. ವಾರದ ಕೊನೆಗೆಂದು ಎಡಿಟರ್ ಶಿಬಿರದಿಂದ ಮನೆಗೆ ಬಂದಿದ್ದ. ಪಾಸಿರ್ ರಿಸ್‌ಗೆ ಹೋದೆ. ಬಾಗಿಲು ತೆರೆದವರು ಅವನ ತಾಯಿ.

“ಬಾರವಾ, ಬಾ. ಬಿಸಿ ರೊಟ್ಟಿ ಐತಿ, ಕುಂದ್ರು,” ಎಂದರು. ನಾನು ಬಾಗಲಕೋಟೆಯವಳೆಂದು ಗೊತ್ತಾದ ಮೇಲೆ ಅವರು ನನ್ನೊಡನೆ ಹುಬ್ಬಳ್ಳಿ ಮಾತನ್ನೇ ಆಡುತ್ತಿದ್ದರು. “ಮುಂಜಾನಿಂದ ಸಂಜೀತನಾ ಅಷ್ಟು ದಪ್ಪ ದಪ್ಪ ಗಂಡಸರನ್ನ ನೋಡ್ತೀಯಂತ. ನಿಮ್ಮವ್ವಗ ಹೇಳೀಯಿಲ್ಲೊ?”

“ಹೇಳೀನ್ರಿ ಆಂಟಿ. ಅದರಾಗ ಒಬ್ಬ ಲಿಂಗಾಯತ ಹುಡುಗ ಸಿಗ್ತಾನೇನು ನೋಡು ಅಂದ್ಲು.”

ಅವರು ಲಟ್ಟಣಿಗೆ ಹಿಡಿದುಕೊಂಡೇ ನಕ್ಕರು. ಎಡಿಟರ್ ತಲೆ ಬೋಳಿಸಿಕೊಂಡು ಸೋಫಾದಲ್ಲಿ ಬಿದ್ದಿದ್ದ. ಮೂಲ ವಿಡಿಯೋ ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ.

“ಎಲ್ಲಾ ಡಿಲೀಟ್ ಮಾಡ್ದೆ ಲಾ. ಡಿಸ್ಕೂ ರಿಟರ್ನ್ ಆಯ್ತು. ನೀವೇ ರೂಲ್ ಮಾಡಿದ್ದು ಅಕ್ಕ, ನಂಗೆ ಯಾಕೆ ಹಂಗೆ ನೋಡ್ತೀರಾ?”

“ಕಾಲೇಜುಗಳಿಗೆ ಬರೆದು ಮತ್ತೆ ತರಿಸಿದ್ರೆ?”

“ಮೂವತ್ತೇಳು ಕಾಲೇಜ್, ಫೈವ್ ಡೇಸ್. ಡೆಡ್‌ಲೈನ್ ಕ್ಯಾನ್ ಮೀಟ್?” ಅವನು ಎದ್ದು ಕೂತ. “ಅಕ್ಕ, ಆ ಡಿವಿಡಿ ಹಂಗೇ ಸ್ಕೌಟ್ ಅಂಕಲ್‌ಗೆ ಕಳ್ಸಿ. ನಂಬರ್ ಬೇಡ, ಏನೂ ಬೇಡ. ನೋಡಿ ಅಂತ ಹೇಳಿ. ಅಷ್ಟೇ ಲಾ.”

“ಅದು ಒಬ್ಬನಿಗೆ ಶಿಫಾರಸು ಮಾಡಿದ ಹಾಗಲ್ವಾ?”

“ಅವನು ಓಡಿದ್ನಾ ಇಲ್ವಾ?”

“ಓಡಿದ.”

“ಆಮೇಲೆ?”

ನನ್ನಲ್ಲಿ ಉತ್ತರವಿತ್ತು. ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯಬೇಕು, ಅಳತೆಗೋಲು ತಪ್ಪಾಗಿದ್ದರೆ ಎಲ್ಲರಿಗೂ ತಪ್ಪೇ, ಒಬ್ಬನಿಗಷ್ಟೇ ಸರಿಪಡಿಸುವುದು ಇನ್ನೊಂದು ತಪ್ಪು. ಓದಿದ ಎರಡು ವರ್ಷ ಕಲಿತದ್ದೇ ಅದು. ಅವನಿಗೂ ಹಾಗೇ ವಿವರಿಸಿದೆ. ಅವನು ರೊಟ್ಟಿ ಮುರಿಯುತ್ತ ಕೇಳಿ, “ಓಕೆ, ಅಕ್ಕ,” ಎಂದ.

ಏಪ್ರಿಲ್ 10, ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ, ಮ್ಯಾನೇಜರ್ ಬರುವ ಮೊದಲು ಸ್ಕೌಟ್‌ಗೆ ನೇರವಾಗಿ ಮೇಲ್ ಬರೆದೆ. ನಾಲ್ಕನೇ ಕಾಲಮ್ ನಂಬಲರ್ಹವಲ್ಲ, ತುಣುಕು ಕತ್ತರಿಸುವ ಕ್ರಮದಲ್ಲಿ ತಪ್ಪಾಗಿದೆ, ತಪ್ಪು ನನ್ನದು, ಮೂವತ್ತೆಂಟು ಜನರದ್ದೂ ಆ ಕಾಲಮ್ ತೆಗೆದುಹಾಕಿ ಹೊಸ ಪಟ್ಟಿ ಲಗತ್ತಿಸಿದ್ದೇನೆ. ಡಿವಿಡಿಯ ವಿಷಯ ಬರೆಯಲಿಲ್ಲ. ಬರೆದರೆ ಒಬ್ಬನ ಹೆಸರು ಹೇಳಬೇಕಾಗುತ್ತಿತ್ತು.

ಹೊಸ ಪಟ್ಟಿಯಲ್ಲಿ 93 ಇಪ್ಪತ್ಮೂರನೆಯವನು. ಕಳಿಸುವ ಮೊದಲೇ ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆಮೇಲೆ ಯಾರಿಗೂ ಹೇಳಲು ಸಾಧ್ಯವಾಗದಂತೆ ಆ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟೆ.

ಮ್ಯಾನೇಜರ್ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ.

“ಒಬ್ಬನ್ನ ಸರಿ ಮಾಡು ಅಂದ್ರೆ ಮೂವತ್ತೆಂಟು ಜನರನ್ನ ಕೆಡಿಸ್ದೆ. ಖುಷಿನಾ?”

“ಸರಿ ಇಲ್ಲದ್ದನ್ನ ತೆಗೆದೆ ಸರ್.”

“ನಿಂಗೆ ಆ ಹುಡುಗ ಮುಖ್ಯನೋ, ನಿನ್ನ ಹಾಳೆ ಮುಖ್ಯನೋ?”

ಇದನ್ನು ನಾನು ಅವಮಾನವೆಂದು ತೆಗೆದುಕೊಂಡೆ. ಎದ್ದು ಹೊರಬಂದೆ. ಸ್ಕೌಟ್‌ನಿಂದ ಒಂದು ಸಾಲಿನ ಉತ್ತರ ಬಂತು: ತಿಳಿಯಿತು, ವಂದನೆಗಳು.

ಆಯ್ಕೆ ಅಲ್ಲಿ ಏಪ್ರಿಲ್ ಕೊನೆಯ ಶನಿವಾರ, ಭಾನುವಾರ ನಡೆಯಿತು. ಸೋಮವಾರ ಮೇ ಒಂದು, ನಮಗೆ ರಜೆ. ಮಂಗಳವಾರ ಕಚೇರಿಗೆ ಬಂದು ಪೂರ್ತಿ ಹೆಸರುಪಟ್ಟಿಯನ್ನು ಮುದ್ರಿಸಿಕೊಂಡು, ಸ್ಕೇಲಿಟ್ಟುಕೊಂಡು ಒಂದೊಂದೇ ಸಾಲು ಓದಿದೆ. ನನ್ನ ಮೂವತ್ತೆಂಟರಲ್ಲಿ ಹತ್ತೊಂಬತ್ತು ಜನರ ಹೆಸರಿತ್ತು. ಆರನೇ ಸುತ್ತಿನಲ್ಲಿ ನಮ್ಮ ಗ್ರಾಹಕ ತಂಡ ಒಬ್ಬ ಟ್ಯಾಕಲ್‌ನನ್ನು ಆರಿಸಿಕೊಂಡಿತ್ತು. ಅವನು ನನ್ನ ಹೊಸ ಪಟ್ಟಿಯ ಇಪ್ಪತ್ತನೆಯವನು. ಅವನು ಓಡುತ್ತಾನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಏಳನೇ ಸುತ್ತಿನ ಕೊನೆಯ ಹೆಸರಿನವರೆಗೆ ಸ್ಕೇಲ್ ಇಳಿಸಿದೆ. 93 ಇರಲಿಲ್ಲ. ಕಣ್ತಪ್ಪಿರಬಹುದೆಂದು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದೆ. ಇರಲಿಲ್ಲ.

ಮೇ 4ರ ಬೆಳಿಗ್ಗೆ ಎಂಟೂವರೆಗೆ ಸ್ಕೌಟ್ ಜೊತೆ ಫೋನಿನಲ್ಲಿ ಕೆಲಸದ ಪರಾಮರ್ಶೆ. ಮೇಜಿನ ಮೇಲೆ ಸ್ಪೀಕರ್ ಫೋನ್. ಸುತ್ತ ಮ್ಯಾನೇಜರ್, ಎಡಿಟರ್, ನಾನು. ಅವರ ದನಿ ಮೊದಲ ಸಲ ಕೇಳಿದ್ದು. ನಿಧಾನವಾಗಿ, ಸ್ವಲ್ಪ ಕೆಮ್ಮುತ್ತ ಇಂಗ್ಲಿಷಿನಲ್ಲಿ ಮಾತಾಡಿದರು. ತಪ್ಪನ್ನು ತಾವಾಗಿಯೇ ಒಪ್ಪಿಕೊಂಡದ್ದಕ್ಕೆ ಮೆಚ್ಚುಗೆ ಹೇಳಿದರು. ಹೆಚ್ಚಿನವರು ಮುಚ್ಚಿಡುತ್ತಾರೆ ಎಂದರು. ಮ್ಯಾನೇಜರ್ ನನ್ನ ಕಡೆ ತಿರುಗಿ ಮುಗುಳ್ನಕ್ಕರು. ಆಮೇಲೆ ಸ್ಕೌಟ್ ಕೇಳಿದರು:

“ಒಂದು ಕುತೂಹಲ. ತಪ್ಪಾಗಿದೆ ಅಂತ ನಿಮಗೆ ಗೊತ್ತಾದದ್ದು ಹೇಗೆ?”

“ಒಂದು ಪಂದ್ಯದ ಪೂರ್ತಿ ಡಿವಿಡಿ ಸಿಕ್ಕಿತ್ತು. ಹಳೆಯ ಹಾಳೆಯ ಜೊತೆ ಹೋಲಿಸಿದೆ.”

“ಯಾರದು?”

ಮ್ಯಾನೇಜರ್ ಬೇಡವೆಂಬಂತೆ ಬೆರಳಾಡಿಸಿದರು. ನಾನು 93ನೇ ನಂಬರನ್ನೂ ಕಾಲೇಜಿನ ಹೆಸರನ್ನೂ ಹೇಳಿದೆ.

ಆ ಕಡೆ ಕಾಗದ ತಿರುಗಿಸಿದ ಸದ್ದು.

“ಎಷ್ಟು ಸಲ ಓಡಿದ?”

“ಇಪ್ಪತ್ತೆರಡರಲ್ಲಿ ಹದಿನೇಳು.”

“ಹದಿನೇಳು,” ಎಂದರು. “ಯಾವತ್ತು ನೋಡಿದಿರಿ?”

“ಏಪ್ರಿಲ್ ಐದು.”

“ನಮ್ಮ ಸಭೆ ಹದಿಮೂರಕ್ಕಿತ್ತು.” ಕೆಮ್ಮಿದರು. “ನನಗೆ ಬೇಕಾಗಿದ್ದದ್ದು ಮೂರು ಗಂಟೆ. ಆರನೇ ಸುತ್ತಿನವರೆಗೂ ನಾನು ಹುಡುಕ್ತಾ ಇದ್ದದ್ದು ಅಂಥ ಒಬ್ಬನನ್ನೇ.”

“ಉಳಿದವರ ಪೂರ್ತಿ ವಿಡಿಯೋ ಇರಲಿಲ್ಲ,” ಎಂದೆ. “ಅವನೊಬ್ಬನದ್ದು ಕಳಿಸಿದ್ದರೆ ಉಳಿದವರಿಗೆ ಅನ್ಯಾಯ ಆಗುತ್ತಿತ್ತು.”

“ಅದನ್ನ ತೂಗಿ ನೋಡೋದಕ್ಕೆ ನಾನಿದ್ದೆ. ನೀವು ಕಂಡದ್ದನ್ನ ಹೇಳಬೇಕಿತ್ತು.”

ದನಿಯಲ್ಲಿ ಸಿಟ್ಟಿರಲಿಲ್ಲ. ಡಿವಿಡಿ ಇಲ್ಲೇ ಇದೆ, ಇವತ್ತೇ ಕೊರಿಯರ್ ಮಾಡುತ್ತೇನೆ, ಎಂದೆ. ಆಯ್ಕೆಯಾಗದವರಲ್ಲಿ ಕೆಲವರನ್ನು ಆಯ್ಕೆ ಮುಗಿದ ದಿನವೇ ತಂಡಗಳು ತರಬೇತಿ ಶಿಬಿರಕ್ಕೆ ಕರೆದುಕೊಳ್ಳುತ್ತವೆ, ಆ ಜಾಗಗಳು ಮೂರು ದಿನದ ಹಿಂದೆಯೇ ತುಂಬಿದವು, ಎಂದು ಅವರು ವಿವರಿಸಿದರು. “ಈಗ ಬೇಡ,” ಎಂದರು. ಆಮೇಲೆ ಮುಂದಿನ ವರ್ಷದ ಹಾಳೆಯ ಬಗ್ಗೆ ಮ್ಯಾನೇಜರರೊಡನೆ ಹತ್ತು ನಿಮಿಷ ಮಾತಾಡಿದರು. ತುಣುಕನ್ನು ಸೀಟಿಯವರೆಗೂ ಇಡಬೇಕೆಂದು ತೀರ್ಮಾನವಾಯಿತು. ನಾನು ಟಿಪ್ಪಣಿ ಬರೆದುಕೊಂಡೆ.

ಫೋನ್ ಇಟ್ಟ ಮೇಲೆ ಮ್ಯಾನೇಜರ್ ಕುರ್ಚಿ ಹಿಂದಕ್ಕೆ ಸರಿಸಿದರು. “ಡಿವಿಡಿ ವಿಷ್ಯ ಯಾಕಮ್ಮಾ ತೆಗ್ದೆ? ಚೆನ್ನಾಗಿ ಹೊಗಳ್ತಿದ್ದ ಮನುಷ್ಯ.”

ಅವರು ಹೋದ ಮೇಲೆ ಎಡಿಟರ್ ಫೋನಿನ ತಂತಿ ಸುತ್ತುತ್ತ ನನ್ನ ಮುಖ ನೋಡದೆ ಹೇಳಿದ: “ಒಂದೋ ಆವಾಗ್ಲೇ ಹೇಳ್ಬೇಕಿತ್ತು ಅಕ್ಕ. ಇಲ್ಲಾಂದ್ರೆ ಇವತ್ತೂ ಹೇಳ್ಬಾರ್ದಿತ್ತು. ಪಾಪ, ಆ ಅಂಕಲ್ ಇನ್ಮೇಲೆ ಅದನ್ನೇ ಯೋಚ್ನೆ ಮಾಡ್ತಾರೆ.”

93 ತನ್ನ ಊರಿನಲ್ಲಿ ಏನು ಯೋಚಿಸುತ್ತಿದ್ದನೋ. ತಾನು ಯಾಕೆ ಬೇಡವಾದೆನೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಹೇಳಬೇಕಾದರೆ ನಾನೇ ಹೇಳಬೇಕು. ಅವನ ವಿಳಾಸ ನಮ್ಮ ಕಡತದಲ್ಲಿತ್ತು. ಆ ವಾರ ಮೂರು ಸಲ ಕಾಗದ ತೆಗೆದುಕೊಂಡು ಕೂತೆ, ಮೂರು ಸಲವೂ ದಿನಾಂಕದ ಮುಂದೆ ಏನೂ ಬರೆಯಲಾಗಲಿಲ್ಲ.